ಸರ್ಫಿಂಗ್ ಮಾಡಿ ಬಂದ್ಮೇಲೆ ಮೈ ಉರಿ, ತುರಿಕೆ, ದದ್ದು: ಕಾರಣ ಪತ್ತೆ ಮಾಡೋದು ಹೇಗೆ, ಸರಿ ಮಾಡೋದು ಹೇಗೆ

ನೀರಿಂದ ಎದ್ದು ಬಂದು ಸ್ನಾನಕ್ಕೆ ನಿಂತಾಗ ಎದೆ ಮೇಲೆ ಮೊದಲ ನೀರು ಬಿದ್ದ ತಕ್ಷಣ ಚುರುಕ್ ಅನ್ನುತ್ತಲ್ಲ, ಏನೋ ಆಗಿದೆ ಅಂತ ಬಹಳ ಜನಕ್ಕೆ ಗೊತ್ತಾಗೋದೇ ಆವಾಗ. ಆ ಹೊತ್ತಲ್ಲಿ ಮಾಡೋದು ಒಂದೇ ಕೆಲಸ, ಕೈಗೆ ಸಿಕ್ಕ ಟ್ಯೂಬ್ ತಗೊಂಡು ಬಳಿಯೋದು. ನಾನೂ ಅದನ್ನೇ ಮಾಡ್ತಿದ್ದೆ. ಒಂದ್ಸಲ ತೊಡೆ ಸಂದಿ ಕೆಂಪಾಗಿತ್ತು, ಶಾರ್ಟ್ಸ್ ಉಜ್ಜಿ ಹಿಂಗಾಗಿದೆ ಅಂದ್ಕೊಂಡು ಮನೇಲಿದ್ದ ಸ್ಟೀರಾಯ್ಡ್ ಕ್ರೀಮ್ ಹಚ್ಚಿದೆ, ಎರಡು ದಿನ ತಣ್ಣಗಾಯ್ತು, ಆಮೇಲೆ ಎರಡೇ ವಾರದಲ್ಲಿ ಅಂಗೈ ಅಗಲ ಹರಡಿಕೊಳ್ತು. ಅದು ಉಜ್ಜಿದ ಗಾಯ ಆಗಿರ್ಲೇ ಇಲ್ಲ, ಹುಳುಕಡ್ಡಿ. ಸ್ಟೀರಾಯ್ಡ್ ಹಾಕಿದ್ರೆ ಮೇಲಿನ ಕೆಂಪು ಇಳಿಯುತ್ತೆ, ಒಳಗೆ ಫಂಗಸ್ ಆರಾಮಾಗಿ ಬೆಳೀತಾ ಹೋಗುತ್ತೆ. ಆವತ್ತಿಂದ ಕಾರಣ ಗೊತ್ತಾಗೋವರೆಗೂ ಟ್ಯೂಬ್ ಮುಚ್ಚಳ ತೆಗಿಯಲ್ಲ ನಾನು, ನೀವೂ ತೆಗೀಬೇಡಿ.

ಮೊದಲು ಕನ್ನಡಿ ಮುಂದೆ ನಿಂತ್ಕೊಳ್ಳಿ

ಸರ್ಫಿಂಗಲ್ಲಿ ಚರ್ಮ ಕೆಡೋಕೆ ಹತ್ತಾರು ಕಾರಣ ಇವೆ, ಎಲ್ಲವೂ ನೋಡೋಕೆ ಕೆಂಪಗೇ ಕಾಣ್ತವೆ, ಹಂಗಾಗಿ ಬಣ್ಣ ನೋಡಿ ಏನೂ ಹೇಳಕ್ಕಾಗಲ್ಲ. ಸುಳಿವು ಸಿಗೋದು ಜಾಗದಿಂದ ಮತ್ತೆ ಟೈಮಿಂದ. ಬಟ್ಟೆ ಮುಚ್ಚಿದ ಕಡೆ ಎದ್ದಿದ್ಯಾ, ಇಲ್ಲಾ ಬಟ್ಟೆ ಇಲ್ಲದ ಕಡೆ ಮಾತ್ರ ಎದ್ದಿದ್ಯಾ? ನೀರಲ್ಲಿ ಇದ್ದಾಗ್ಲೇ ಶುರುವಾಯ್ತಾ, ಬಂದು ಒಂದು ಗಂಟೆಗಾ, ಮಾರನೇ ದಿನಕ್ಕಾ, ಎರಡು ದಿನ ಬಿಟ್ಟಾ? ಉರಿ ಜಾಸ್ತಿನಾ ತುರಿಕೆ ಜಾಸ್ತಿನಾ? ಉಜ್ಜಿದ ಗಾಯ ಉರಿಯುತ್ತೆ, ಅಲರ್ಜಿ ಮತ್ತೆ ಸಮುದ್ರದ ಜೀವಿಗಳದ್ದು ಹೆಚ್ಚಾಗಿ ತುರಿಯುತ್ತೆ. ಒಂದು ಫೋಟೋ ತೆಗೆದಿಟ್ಕೊಳ್ಳಿ, ನಾಳೆ ಹೋಲಿಸಿ ನೋಡೋಕೆ ಬೇಕಾಗುತ್ತೆ, ಡಾಕ್ಟರ್ ಹತ್ರ ಹೋಗೋ ಹೊತ್ತಿಗೆ ಅರ್ಧ ಮಾಸಿರುತ್ತೆ.

ಮನೇಲಿ ಕೂತು ಪತ್ತೆ ಮಾಡೋ ವಿಷಯ ಅಲ್ಲದ್ದು ಕೆಲವು ಇವೆ, ಅದನ್ನ ಇಲ್ಲೇ ಹೇಳಿಬಿಡ್ತೀನಿ. ತುಟಿ, ನಾಲಿಗೆ, ಗಂಟಲು ಊದಿಕೊಂಡ್ರೆ, ಉಸಿರು ಕಟ್ಟಿದ್ರೆ, ತಲೆ ಸುತ್ತಿ ಬೀಳೋ ಹಂಗಾದ್ರೆ ನೇರ ಎಮರ್ಜೆನ್ಸಿಗೆ. ಗಾಯದ ಸುತ್ತ ಕೆಂಪು ಗಂಟೆ ಗಂಟೆಗೂ ಹರಡ್ತಾ ಇದ್ರೆ, ನೋಡೋಕೆ ಸಣ್ಣ ಗಾಯ ಆದ್ರೆ ನೋವು ವಿಪರೀತ ಅನ್ನೋ ಹಂಗಿದ್ರೆ, ನೇರಳೆ ಬಣ್ಣದ ನೀರುಗುಳ್ಳೆ ಎದ್ರೆ, ಜ್ವರ ಚಳಿ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ. ಬೆಚ್ಚಗಿನ ಸಮುದ್ರದ ನೀರಲ್ಲಿ, ಅದರಲ್ಲೂ ನದಿ ಸೇರೋ ಅಳಿವೆ ಜಾಗದಲ್ಲಿ ವಿಬ್ರಿಯೋ ಅಂತ ಬ್ಯಾಕ್ಟೀರಿಯಾ ಇರುತ್ತೆ, ತೆರೆದ ಗಾಯಕ್ಕೆ ಹೊಕ್ರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ತರಬಲ್ಲದು. ಲಿವರ್ ತೊಂದರೆ ಇರೋರು, ರೋಗನಿರೋಧಕ ಶಕ್ತಿ ಕಮ್ಮಿ ಇರೋರು ಹಸಿ ಗಾಯ ಇಟ್ಕೊಂಡು ಅಂಥ ನೀರಿಗೆ ಇಳೀಲೇಬಾರದು.

ಎದೆ, ಹೊಟ್ಟೆ, ಕಂಕುಳು, ತೊಡೆ ಉರೀತಿದ್ರೆ

ನೂರಕ್ಕೆ ನೂರು ಅಂತ ಹೇಳಕ್ಕಾಗಲ್ಲ, ಆದ್ರೆ ಹೊಸಬರಿಗೆ ಆಗೋದು ಹೆಚ್ಚಾಗಿ ಇದೇ, ಉಜ್ಜಿ ಚರ್ಮ ಕಿತ್ತಿರೋದು. ಒಣ ಚರ್ಮಕ್ಕಿಂತ ನೆನೆದ ಚರ್ಮ ಮೆತ್ತಗಿರುತ್ತೆ, ಉಜ್ಜಿದ್ರೆ ಜಾರಲ್ಲ, ಹಿಡ್ಕೊಳ್ಳುತ್ತೆ. ಅದರ ಮೇಲೆ ಕಾಲು ಜಾರದಿರಲಿ ಅಂತ ಬೋರ್ಡಿಗೆ ತಿಕ್ಕೋ ಮೇಣ ಅಂದ್ರೆ ವ್ಯಾಕ್ಸ್, ವ್ಯಾಕ್ಸಲ್ಲಿ ಕೂತಿರೋ ಮರಳು, ಮೈಮೇಲೆ ನೀರು ಆರಿದಾಗ ಉಳಿಯೋ ಉಪ್ಪಿನ ಹರಳು, ಇಷ್ಟೂ ಸೇರಿ ಸ್ಯಾಂಡ್ ಪೇಪರ್ ಆಗುತ್ತೆ, ಆ ಸ್ಯಾಂಡ್ ಪೇಪರ್ ಮೇಲೆ ನೀವು ಬೋರಲು ಮಲಗಿ ಗಂಟೆಗಟ್ಲೆ ಪ್ಯಾಡಲ್ ಮಾಡ್ತೀರ, ಅಂದ್ರೆ ಕೈಯಲ್ಲಿ ನೀರು ತಳ್ತಾ ಮುಂದೆ ಹೋಗ್ತೀರ. ಇದಕ್ಕೆ ಅಲರ್ಜಿ ಮಾತ್ರೆ ನುಂಗಿ ಉಪಯೋಗ ಇಲ್ಲ.

ಯಾವುದು ಉಜ್ಜಿದ್ದು ಅಂತ ಗಾಯದ ಜಾಗನೇ ಹೇಳುತ್ತೆ. ಪಕ್ಕೆಲುಬಿನ ಕೆಳತುದಿ, ಎದೆ, ಮೊಲೆತೊಟ್ಟು, ಹೊಟ್ಟೆ ಅಂದ್ರೆ ಬೋರ್ಡ್. ಹೊಕ್ಕುಳ ಕೆಳಗೆ ಒಂದೇ ಕಡೆ ರೂಪಾಯಿ ಅಗಲ ಕಿತ್ತಿದ್ರೆ ಬೋರ್ಡ್ ಶಾರ್ಟ್ಸಿನ ಲಾಡಿ ಗಂಟು ಇಲ್ಲಾ ವೆಲ್ಕ್ರೋ, ನೀವು ಅದರ ಮೇಲೇ ಮಲಗ್ತಿರೋದು. ತೊಡೆ ಒಳಭಾಗ ಉದ್ದ ಗೆರೆ ತರ ಇದ್ರೆ ಶಾರ್ಟ್ಸಿನ ಒಳ ಹೊಲಿಗೆ, ಅಗಲವಾಗಿ ಕೆಂಪಾಗಿದ್ರೆ ಅಲೆಗೆ ಕಾಯ್ತಾ ಬೋರ್ಡ್ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರದ್ದು. ಕಂಕುಳಲ್ಲಿ ಆದ್ರೆ ಸರ್ಫಿಂಗಿಗೆ ಹಾಕೋ ಮೈಗಂಟೋ ಅಂಗಿಯಾದ ರ‍್ಯಾಶ್ ಗಾರ್ಡ್ ಅಥವಾ ತಣ್ಣೀರಲ್ಲಿ ಮೈ ಬೆಚ್ಚಗಿಡೋ ರಬ್ಬರ್ ಉಡುಪಾದ ವೆಟ್‌ಸೂಟಿನ ಹೊಲಿಗೆ. ಕುತ್ತಿಗೆ ಹಿಂದೆ ಪಕ್ಕದಲ್ಲಿ ಆದ್ರೆ ವೆಟ್‌ಸೂಟ್ ಕಾಲರ್, ಪ್ಯಾಡಲ್ ಮಾಡ್ತಾ ತಲೆ ಆ ಕಡೆ ಈ ಕಡೆ ತಿರುಗಿಸಿ ಅಲೆ ನೋಡ್ತೀವಲ್ಲ, ಅದಕ್ಕೇ. ಪಾದದ ಗಂಟಿನ ಸುತ್ತ ಬಳೆ ತರ ಆದ್ರೆ ಬೋರ್ಡನ್ನ ಕಾಲಿಗೆ ಕಟ್ಟೋ ಹಗ್ಗ, ಅಂದ್ರೆ ಲೀಶ್, ಸಡಿಲ ಆಗಿ ತಿರುಗ್ತಾ ಇದೆ ಅಥವಾ ವೆಲ್ಕ್ರೋ ಅಂಚು ಹೊರಗೆ ಬಂದಿದೆ.

ಬೋರ್ಡ್ ಅಂತ ಅನುಮಾನ ಬಂದ್ರೆ ಅಂಗೈಯನ್ನ ವ್ಯಾಕ್ಸ್ ಮೇಲೆ ಮೆಲ್ಲಗೆ ಆಡಿಸಿ ನೋಡಿ. ಚರಚರ ಅಂದ್ರೆ ಮರಳು ಕೂತಿದೆ. ಹಳೇ ವ್ಯಾಕ್ಸ್ ಮೇಲೆ ಹೊಸದು ತಿಕ್ಕಿ ಮುಚ್ಚಿಬಿಟ್ರೆ ಮರಳು ಹೋಗಲ್ಲ, ಪದರದೊಳಗೆ ಇರುತ್ತೆ, ಮತ್ತೆ ಮೇಲೆ ಬರುತ್ತೆ. ಬೋರ್ಡನ್ನ ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು ವ್ಯಾಕ್ಸ್ ಮೆತ್ತಗಾದ್ಮೇಲೆ ವ್ಯಾಕ್ಸ್ ಬಾಚಣಿಗೆಯಿಂದ ಪೂರ್ತಿ ಕೆರೆದು, ಬಟ್ಟೇಲಿ ಒರೆಸಿ, ಹೊಸದಾಗಿ ಹಾಕಿ. ಬಿಸಿಲಲ್ಲಿ ಮರೆತುಬಿಟ್ಟು ಹೋಗ್ಬೇಡಿ, ಬೋರ್ಡೇ ಹಾಳಾಗುತ್ತೆ. ವ್ಯಾಕ್ಸಲ್ಲೂ ನೀರಿನ ಬಿಸಿಗೆ ತಕ್ಕಂತೆ ಬೇರೆ ಬೇರೆ ಬರುತ್ತೆ, ತಣ್ಣೀರಿನ ಮೆತ್ತಗಿನ ವ್ಯಾಕ್ಸನ್ನ ಬೆಚ್ಚಗಿನ ನೀರಲ್ಲಿ ಬಳಸಿದ್ರೆ ಕರಗಿ ಮೈಗೆಲ್ಲಾ ಮೆತ್ಕೊಂಡು ಮರಳು ಹಿಡಿಯುತ್ತೆ. ಕಲಿಯೋರಿಗೆ ಕೊಡೋ ಫೋಮ್ ಬೋರ್ಡ್ ಅಂತೂ ವ್ಯಾಕ್ಸ್ ಇಲ್ಲದಿದ್ರೂ ಒರಟು, ಮೊದಲ ವಾರವೇ ಹೊಟ್ಟೆ ಕಿತ್ಕೊಂಡು ಬರೋರು ಜಾಸ್ತಿ ಅದರಿಂದಾನೇ. ಇನ್ನೊಂದು, ಹೊಸಬರು ಬೋರ್ಡ್ ಮೇಲೆ ಸರಿಯಾದ ಜಾಗ ಸಿಗದೆ ಮುಂದೆ ಹಿಂದೆ ತೆವಳ್ತಾನೇ ಇರ್ತಾರೆ. ಒಂದ್ಸಲ ಸರಿ ಕೂರೋ ಜಾಗ ಸಿಕ್ಕಾಗ ಗಲ್ಲದ ನೇರಕ್ಕೆ ಬೋರ್ಡ್ ಮೇಲೆ ಗುರುತು ಹಾಕ್ಕೊಳ್ಳಿ, ಪ್ರತಿ ಸಲ ಅಲ್ಲೇ ಮಲಗಿದ್ರೆ ತೆವಳೋದು ಅರ್ಧ ಕಮ್ಮಿ ಆಗುತ್ತೆ.

ಟೀ ಶರ್ಟ್ ಹಾಕ್ಕೊಂಡು ಇಳಿದ್ರೆ ಸರಿಹೋಗುತ್ತೆ ಅಂತ ಹೇಳೋರು ಇದ್ದಾರೆ, ದಯವಿಟ್ಟು ಬೇಡ. ಹತ್ತಿ ಬಟ್ಟೆ ನೀರು ಕುಡಿದು ಭಾರ ಆಗಿ ಮಡಿಕೆ ಬೀಳುತ್ತೆ, ಆ ಮಡಿಕೆ ಒಳಗೆ ಮರಳು ಸೇರುತ್ತೆ, ಬರಿಮೈಗಿಂತ ಹೆಚ್ಚು ಉಜ್ಜುತ್ತೆ. ಬೇಕಿರೋದು ಲೈಕ್ರಾ ತರದ ಮೈಗಂಟೋ ರ‍್ಯಾಶ್ ಗಾರ್ಡ್. ಉಜ್ಜೋದು ಬಟ್ಟೆಗೂ ಬೋರ್ಡಿಗೂ ನಡುವೆ ಆಗ್ಬೇಕು, ಬಟ್ಟೆಗೂ ಚರ್ಮಕ್ಕೂ ನಡುವೆ ಅಲ್ಲ, ಅದಕ್ಕೇ ಬಿಗಿ ಇರಬೇಕು ಅನ್ನೋದು. ಎರಡೂ ಕೈ ಮೇಲೆತ್ತಿ ಪ್ಯಾಡಲ್ ಮಾಡಿದ ಹಂಗೆ ತಿರುಗಿಸಿ ನೋಡಿ, ಹೊಟ್ಟೆ ಮೇಲಿಂದ ಎದ್ದು ಬಂದ್ರೆ ಆ ಸೈಜ್ ನಿಮ್ದಲ್ಲ, ಅಥವಾ ಶಾರ್ಟ್ಸಿಗೆ ಕಟ್ಟೋ ಕೊಂಡಿ ಇರೋದು ತಗೊಳ್ಳಿ. ಕಂಕುಳ ನಡುಮಧ್ಯ ನಾಲ್ಕು ಹೊಲಿಗೆ ಸೇರೋ ಡಿಸೈನ್ ಬೇಡ. ತೊಡೆಗೆ ಶಾರ್ಟ್ಸ್ ಒಳಗೆ ಬಿಗಿಯಾದ ಕಂಪ್ರೆಷನ್ ಶಾರ್ಟ್ಸ್ ಹಾಕಿದ್ರೆ ಸಾಕು, ಬಹುಪಾಲು ಅಲ್ಲಿಗೇ ಮುಗಿಯುತ್ತೆ.

ಉಜ್ಜೋ ಜಾಗಕ್ಕೆ ನೀರಿಗೆ ಇಳಿಯೋ ಮೊದಲು ಜಾರೋದು ಏನಾದ್ರೂ ಹಚ್ಚಿ. ವ್ಯಾಸಲೀನ್ ಕೆಲಸ ಮಾಡುತ್ತೆ, ಆದ್ರೆ ಎರಡು ತೊಂದರೆ: ಕೈಗೆ ಅಂಟಿ ಬೋರ್ಡಿಗೆ ತಾಗಿದ್ರೆ ಪಾಪ್ ಅಪ್, ಅಂದ್ರೆ ಬೋರ್ಡ್ ಮೇಲೆ ಎದ್ದು ನಿಲ್ಲೋ ಹೊತ್ತಲ್ಲಿ ಜಾರಿ ಬೀಳ್ತೀರ, ಮತ್ತೆ ಪೆಟ್ರೋಲಿಯಂ ಜಿಡ್ಡು ವೆಟ್‌ಸೂಟಿನ ರಬ್ಬರಿಗೆ, ಅಂಟಿಗೆ ಒಳ್ಳೇದಲ್ಲ. ವೆಟ್‌ಸೂಟ್ ಹಾಕೋರು ಓಟಗಾರರು ಬಳಸೋ ಕಡ್ಡಿ ತರದ ಬಾಮ್ ತಗೊಳ್ಳಿ, ಪೆಟ್ರೋಲಿಯಂ ಇಲ್ಲದ್ದು ಅಂತ ಲೇಬಲ್ ಓದಿ ನೋಡ್ಕೊಂಡು.

ಕಿತ್ತ ಮೇಲೆ ಏನು ಮಾಡೋದು

ಉಪ್ಪು ಹೋಗೋವರೆಗೂ ಸಿಹಿನೀರಲ್ಲಿ ತೊಳೀರಿ, ವಾಸನೆ ಇಲ್ಲದ ಮೈಲ್ಡ್ ಸೋಪು ಸಾಕು, ಟವೆಲಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯೋ ಅಭ್ಯಾಸ ಬಿಡಿ, ಕ್ರಿಮಿ ಜೊತೆ ಹೊಸದಾಗಿ ಬರ್ತಿರೋ ಚರ್ಮವನ್ನೂ ಸುಡುತ್ತೆ. ಆಮೇಲೆ ತೆಳ್ಳಗೆ ವ್ಯಾಸಲೀನ್ ಇಲ್ಲಾ ಝಿಂಕ್ ಆಕ್ಸೈಡ್ ಕ್ರೀಮ್, ಮೇಲೆ ಅಂಟದ ಡ್ರೆಸಿಂಗ್. ಗಾಳಿಗೆ ಬಿಟ್ಟು ಒಣಗಿ ಹಕ್ಕಳೆ ಕಟ್ಟಲಿ ಅನ್ನೋದು ಹಳೇ ನಂಬಿಕೆ. 1962ರಲ್ಲೇ ಜಾರ್ಜ್ ವಿಂಟರ್ ಅನ್ನೋ ಸಂಶೋಧಕರು ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಗಾಳಿಗೆ ಬಿಟ್ಟ ಗಾಯಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಬೇಗ ಬರುತ್ತೆ ಅಂತ ತೋರಿಸಿದ್ರು. ಮೇಲ್ಪದರ ಅಷ್ಟೇ ಕಿತ್ತಿದ್ರೆ ಕೆಲವೇ ದಿನದಲ್ಲಿ ಮುಚ್ಕೊಳ್ಳುತ್ತೆ, ಆದ್ರೆ ಆ ದಿನಗಳಲ್ಲಿ ನೀರಿಗೆ ಇಳೀಬಾರದು, ಇದು ಕೇಳೋಕೆ ಕಷ್ಟ ಅಂತ ನಂಗೆ ಗೊತ್ತು, ಅಲೆ ಚೆನ್ನಾಗಿರೋ ದಿನ ದಡದಲ್ಲಿ ಕೂರೋದು ಬಹಳ ಸಂಕಟ. ಆದ್ರೂ ಅರ್ಧ ಮಾಗಿದ್ದನ್ನ ಮತ್ತೆ ಕಿತ್ಕೊಂಡ್ರೆ ಮೂರು ದಿನದ್ದು ಮೂರು ವಾರ ಆಗುತ್ತೆ.

ಆಂಟಿಬಯಾಟಿಕ್ ಮುಲಾಮು ಹಚ್ಚಿದ ಮೇಲೆ ಗಾಯದ ಸುತ್ತ ತುರಿಕೆ ಜಾಸ್ತಿಯಾಗಿ ಸಣ್ಣ ಗುಳ್ಳೆ ಎದ್ರೆ ಸೋಂಕು ಹೆಚ್ಚಾಯ್ತು ಅಂತ ಇನ್ನಷ್ಟು ಬಳೀಬೇಡಿ. ಅಂಥ ಮುಲಾಮುಗಳಲ್ಲಿರೋ ನಿಯೋಮೈಸಿನ್ನಿಗೇ ಅಲರ್ಜಿ ಇರೋರು ಸುಮಾರು ಜನ ಇದ್ದಾರೆ. ನಿಲ್ಲಿಸಿ ನೋಡಿ.

ಬಟ್ಟೆ ಒಳಗೆ ಮಾತ್ರ ತುರಿಯೋ ಗುಳ್ಳೆ

ಇದು ಬಹಳ ಜನರನ್ನ ದಾರಿ ತಪ್ಪಿಸೋದು. ಮೈ ತುಂಬಾ ಸಮುದ್ರದ ನೀರು ತಾಗಿದ್ರೂ ದದ್ದು ಎದ್ದಿರೋದು ಮಾತ್ರ ಶಾರ್ಟ್ಸ್, ಬಿಕಿನಿ, ರ‍್ಯಾಶ್ ಗಾರ್ಡ್ ಮುಚ್ಚಿದ ಜಾಗದಲ್ಲಿ, ಕೆಲವೇ ನಿಮಿಷದಿಂದ ಒಂದು ದಿನದೊಳಗೆ, ವಿಪರೀತ ತುರಿಕೆ. ಇಂಗ್ಲಿಷಲ್ಲಿ ಸೀ ಬೇದರ್ಸ್ ಇರಪ್ಷನ್ ಅಂತಾರೆ. ಜೆಲ್ಲಿ ಫಿಶ್ ಮತ್ತೆ ಕಡಲ ಹೂಗಳ (ಸೀ ಅನಿಮೋನಿ ಅನ್ನೋ ಜೀವಿಗಳ) ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಬಟ್ಟೆ ಒಳಗೆ ಸಿಕ್ಕಿಹಾಕ್ಕೊಂಡು ಚುಚ್ಚೋದು. ಫ್ಲೋರಿಡಾ, ಕೆರಿಬಿಯನ್ ಕಡೆ ಮಾರ್ಚಿಂದ ಆಗಸ್ಟ್‌ವರೆಗೆ ಇದರ ಕಾಟ, ಅಲ್ಲಿ ಕಾರಣ ಥಿಂಬಲ್ ಜೆಲ್ಲಿ ಫಿಶ್ ಅನ್ನೋ ಬೆರಳ ತುದಿ ಗಾತ್ರದ ಜೀವಿಯ ಮರಿ.

ಇಲ್ಲಿ ತಪ್ಪು ಆಗೋದು ಶವರ್ ಕೆಳಗೆ. ಬಟ್ಟೆ ಹಾಕ್ಕೊಂಡೇ ಸಿಹಿನೀರಿಗೆ ನಿಲ್ತೀವಿ, ಸಿಹಿನೀರು ತಾಗಿದ್ರೆ ಇನ್ನೂ ಸಿಡಿಯದೆ ಉಳಿದಿರೋ ಚುಚ್ಚು ಕೋಶಗಳು ಸಿಡಿಯುತ್ತವೆ. ಮೊದಲು ಬಟ್ಟೆ ತೆಗೀರಿ, ಆಮೇಲೆ ನೀರು. ಆ ಬಟ್ಟೇನ ಬಿಸಿನೀರು ಸೋಪಲ್ಲಿ ಒಗೆದು ಬಿಸಿಯಲ್ಲೇ ಒಣಗಿಸಿ, ಹಂಗೇ ಒಣಗಿಸಿ ಹಾಕ್ಕೊಂಡ್ರೆ ನೀರಿಗೆ ಹೋಗದಿದ್ರೂ ಮತ್ತೆ ದದ್ದು ಏಳಬಹುದು, ಕೋಶಗಳು ಬಟ್ಟೇಲೇ ಕೂತಿರ್ತವೆ. ತುರಿಕೆಗೆ ಸೆಟ್ರಿಝಿನ್ ತರದ ಮಾತ್ರೆ, 1% ಹೈಡ್ರೋಕಾರ್ಟಿಸೋನ್ ಕ್ರೀಮ್, ತಣ್ಣನೆ ಬಟ್ಟೆ. ಒಂದೆರಡು ವಾರದಲ್ಲಿ ತಾನಾಗೇ ಇಳಿಯುತ್ತೆ. ಮಕ್ಕಳಿಗೆ ಜ್ವರ ವಾಕರಿಕೆ ಬಂದ್ರೆ ಡಾಕ್ಟರಿಗೆ ತೋರಿಸಿ.

ಇದೇ ತರ ಬಟ್ಟೆ ಒಳಗೆ ಆಗೋ ಇನ್ನೊಂದು ಇದೆ, ಅದರಲ್ಲಿ ತುರಿಕೆಗಿಂತ ಸುಟ್ಟ ಹಂಗೆ ಉರಿ, ಕೆಲವು ಗಂಟೆ ಬಿಟ್ಟು ಚರ್ಮ ಬೊಬ್ಬೆ ಎದ್ದು ಸುಲಿಯುತ್ತೆ, ಗುಪ್ತಾಂಗದ ಸುತ್ತ ಜಾಸ್ತಿ. ಲಿಂಗ್ಬ್ಯಾ ಅನ್ನೋ ಕೂದಲಿನ ಎಳೆ ತರದ ಪಾಚಿ ಬಟ್ಟೆ ಒಳಗೆ ಸೇರಿ ಆಗೋದು, 1958ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಹೀಗೇ ಜನಕ್ಕೆ ಒಟ್ಟಿಗೆ ಆಗಿ ಬೆಳಕಿಗೆ ಬಂತು. ಗಾಳಿಗೆ ಕಿತ್ತು ಬಂದ ಪಾಚಿ ನೀರಲ್ಲಿ ತುಂಬಾ ತೇಲ್ತಿದ್ರೆ ಆವತ್ತು ಇಳೀಬೇಡಿ, ಇಳಿದಿದ್ರೆ ದಡಕ್ಕೆ ಬಂದ ತಕ್ಷಣ ಬಟ್ಟೆ ಬಿಚ್ಚಿ ಸೋಪು ಹಾಕಿ ಚೆನ್ನಾಗಿ ತೊಳೀರಿ.

ಇದರ ಉಲ್ಟಾ, ಬಟ್ಟೆ ಇಲ್ಲದ ಕಡೆ ಮಾತ್ರ ಚುಕ್ಕಿ ಚುಕ್ಕಿ ತುರಿಕೆ ಬಂದ್ರೆ ಸ್ವಿಮ್ಮರ್ಸ್ ಇಚ್. ಬಸವನಹುಳುವಿಂದ ಹೊರಬಂದು ಹಕ್ಕಿ ಹುಡುಕೋ ಪರಾವಲಂಬಿ ಹುಳ ದಾರಿ ತಪ್ಪಿ ನಮ್ಮ ಚರ್ಮಕ್ಕೆ ಹೊಕ್ಕು ಅಲ್ಲೇ ಸಾಯುತ್ತೆ. ಕೆರೆ ಸರೋವರದಲ್ಲೇ ಜಾಸ್ತಿ, ಉಪ್ಪುನೀರಲ್ಲೂ ಆಗುತ್ತೆ. ನೀರಿಂದ ಎದ್ದ ತಕ್ಷಣ, ಮೈ ಆರೋಕೆ ಬಿಡದೆ ಟವೆಲಲ್ಲಿ ಗಟ್ಟಿಯಾಗಿ ಒರೆಸ್ಕೊಂಡ್ರೆ ಕಮ್ಮಿ ಆಗುತ್ತೆ, ತುರಿಕೆಗೆ ಮೇಲೆ ಹೇಳಿದ ಮಾತ್ರೆ, ಕ್ರೀಮ್, ತಣ್ಣನೆ ಬಟ್ಟೆನೇ.

ಚಾಟಿ ಬೀಸಿದ ಹಂಗೆ ಗೆರೆ ಬಿದ್ದು ಆ ಕ್ಷಣವೇ ಉರಿ ಹತ್ತಿದ್ರೆ ಅದು ದೊಡ್ಡ ಜೆಲ್ಲಿ ಫಿಶ್ಶಿನ ಎಳೆ ತಾಗಿರೋದು. ಮರಳಲ್ಲಿ ಉಜ್ಜೋದು, ಮೂತ್ರ ಹೊಯ್ಯೋದು ಎರಡೂ ತಪ್ಪು. ಸಮುದ್ರದ ನೀರಲ್ಲೇ ತೊಳೆದು ಎಳೆಗಳನ್ನ ತೆಗೆದು, ನೀಲಿ ಗಾಳಿಚೀಲದ ಬ್ಲೂ ಬಾಟಲ್ ಅನ್ನೋ ಜೀವಿ ಆದ್ರೆ ಸುಮಾರು 45 ಡಿಗ್ರಿ ಬಿಸಿನೀರು, ಅಂದ್ರೆ ಸುಡದೆ ತಡ್ಕೊಳ್ಳೋ ಅಷ್ಟು ಬಿಸಿ, 20 ನಿಮಿಷ. ವಿನೆಗರ್ ಹಾಕೋದು ಡಬ್ಬಿ ಆಕಾರದ, ಜೀವ ತೆಗೆಯಬಲ್ಲ ಬಾಕ್ಸ್ ಜೆಲ್ಲಿ ಫಿಶ್ಶಿಗೆ, ಬ್ಲೂ ಬಾಟಲ್ಲಿಗೆ ಬೇಡ. ಬಾಕ್ಸ್ ಜೆಲ್ಲಿ ಫಿಶ್ ಇರೋ ನೀರಲ್ಲಿ ಆಗಿದ್ರೆ ಎಮರ್ಜೆನ್ಸಿಗೆ ಫೋನ್ ಮೊದಲು.

ವೆಟ್‌ಸೂಟ್ ಆಕಾರದಲ್ಲೇ ಎದ್ದಿದ್ರೆ

ನಿಜವಾದ ಅಲರ್ಜಿಗೆ ಟೈಮೇ ಸಾಕ್ಷಿ. ನೀರಲ್ಲಿ ಏನೂ ಆಗಲ್ಲ, ಒಂದೆರಡು ದಿನ ಬಿಟ್ಟು ಕುತ್ತಿಗೆ, ಮಣಿಕಟ್ಟು, ಪಾದದ ಗಂಟು, ಮಂಡಿ ಹಿಂದೆ ಎರಡೂ ಕಡೆ ಒಂದೇ ಸಮ ತುರಿಕೆ, ಸಣ್ಣ ನೀರುಗುಳ್ಳೆ, ಆಮೇಲೆ ಹೊಪ್ಪಳಿಕೆ. ಹತ್ತು ವರ್ಷ ವೆಟ್‌ಸೂಟ್ ಹಾಕಿದೀನಿ, ಈಗ ಹೇಗೆ ಅಲರ್ಜಿ ಬರುತ್ತೆ ಅಂತ ಕೇಳ್ತಾರೆ, ಅಲರ್ಜಿ ಬರೋದೇ ಹಂಗೆ, ಮತ್ತೆ ಮತ್ತೆ ತಾಗಿ ತಾಗಿ. ಸೂಟಿನ ನಿಯೋಪ್ರೀನ್ ಅನ್ನೋ ರಬ್ಬರ್ ತಯಾರಿಸುವಾಗ ರಬ್ಬರ್ ಗಟ್ಟಿ ಆಗೋಕೆ ಹಾಕೋ ಥಯೋಯೂರಿಯಾ ಗುಂಪಿನ ರಾಸಾಯನಿಕಗಳೇ ಹೆಚ್ಚಾಗಿ ಕಾರಣ. ಚರ್ಮದ ಡಾಕ್ಟರ್ ಹತ್ರ ಪ್ಯಾಚ್ ಟೆಸ್ಟ್ ಮಾಡಿಸಿ, ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ಆಮೇಲೆ ಇನ್ನೊಂದ್ಸಲ ನೋಡ್ತಾರೆ. ಹೋಗುವಾಗ ವೆಟ್‌ಸೂಟಿನ ಒಂದು ಚೂರು ಕತ್ತರಿಸಿ ತಗೊಂಡು ಹೋಗಿ, ಅದನ್ನೂ ಅಂಟಿಸಿ ನೋಡ್ಬಹುದು. ಎದೆ ಹೊಟ್ಟೆ ಮೇಲೆ ಮಾತ್ರ ಹೀಗೆ ತಡವಾಗಿ ತುರಿದ್ರೆ ವ್ಯಾಕ್ಸಿನ ಸುವಾಸನೆ, ಮುಖ ಕುತ್ತಿಗೆ ಮೇಲೆ ಬಿಸಿಲು ಬಿದ್ದ ಕಡೆ ಮಾತ್ರ ಆದ್ರೆ ಸನ್‌ಸ್ಕ್ರೀನ್, ಅದರಲ್ಲೂ ಬಿಸಿಲು ತಡೆಯೋಕೆ ಹಾಕೋ ಆಕ್ಸಿಬೆನ್ಝೋನ್ ಅನ್ನೋ ರಾಸಾಯನಿಕ ಇರೋದು. ಝಿಂಕ್ ಆಕ್ಸೈಡ್ ಸನ್‌ಸ್ಕ್ರೀನಿಗೆ ಬದಲಾಯಿಸಿ ನೋಡಿ, 30ಕ್ಕಿಂತ ಮೇಲಿನ ಎಸ್‌ಪಿಎಫ್, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಅಲರ್ಜಿ ಅಂತ ನಿರ್ಧಾರ ಮಾಡೋ ಮೊದಲು ಒಂದು ಮಾತು ನೇರವಾಗಿ ಕೇಳ್ತೀನಿ, ಸೂಟ್ ಒಳಗೇ ಮೂತ್ರ ಮಾಡಿ ಸರಿಯಾಗಿ ತೊಳೀದೆ ಇಟ್ಟಿದ್ದೀರಾ? ತಣ್ಣೀರಲ್ಲಿ ಬಹಳ ಜನ ಮಾಡ್ತಾರೆ, ನಾಚಿಕೆ ಬೇಡ. ಅದೇ ಕೊಳೆತು ಚರ್ಮ ಉರಿಸುತ್ತೆ. ಪ್ರತಿ ಸಲ ಒಳಗೆ ಹೊರಗೆ ಮಗುಚಿ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಕೂದಲ ಬುಡದ ಗುಳ್ಳೆ, ಸಂದಿನ ಹುಳುಕಡ್ಡಿ, ಹವಳದ ತರಚು

ಕೂದಲ ಬುಡದಲ್ಲಿ ಕೀವಿನ ತಲೆ ಇರೋ ಸಣ್ಣ ಗುಳ್ಳೆಗಳು ಅಂದ್ರೆ ಫಾಲಿಕ್ಯುಲೈಟಿಸ್, ಒದ್ದೆ ಬಿಗಿ ಬಟ್ಟೇಲೇ ಗಂಟೆಗಟ್ಲೆ ಕೂತಿದ್ದು, ಇಲ್ಲಾ ಶೇವ್ ಮಾಡಿ ಅದೇ ದಿನ ನೀರಿಗೆ ಇಳಿದಿದ್ದು. ಬಟ್ಟೆ ಬೇಗ ಬದಲಾಯಿಸಿ, ಶೇವಿಂಗ್ ಒಂದೆರಡು ದಿನ ಮುಂಚೆ ಮಾಡಿ. ತೊಡೆ ಸಂದಿಲಿ ಅಂಚು ಕೆಂಪಗೆ ಉಬ್ಬಿ ನಡುಭಾಗ ತಿಳಿಯಾಗ್ತಾ ಹೊರಕ್ಕೆ ಹರಡ್ತಿದ್ರೆ ನನಗಾದ ಹುಳುಕಡ್ಡಿನೇ. ಆಂಟಿಫಂಗಲ್ ಕ್ರೀಮ್ ಹಚ್ಚಿ, ಕೆಂಪು ಮಾಯ ಆದ್ಮೇಲೂ ಪ್ಯಾಕೆಟ್ಟಲ್ಲಿ ಹೇಳಿದಷ್ಟು ದಿನ ಪೂರ್ತಿ ಮುಂದುವರಿಸಿ, ಮಧ್ಯ ಬಿಟ್ರೆ ವಾಪಸ್ ಬರುತ್ತೆ. ಸ್ಟೀರಾಯ್ಡ್ ಬೆರೆತ ಕಾಂಬಿನೇಷನ್ ಟ್ಯೂಬ್ ಮುಟ್ಟಬೇಡಿ.

ಹವಳದ ದಿಬ್ಬಕ್ಕೆ ತಾಗಿ ತರಚಿದ್ರೆ ಸಣ್ಣದು ಅಂತ ಬಿಡಬೇಡಿ, ಹವಳದ ಚೂರು ಒಳಗೆ ಉಳಿದ್ರೆ ವಾರಗಟ್ಲೆ ಮಾಗಲ್ಲ. ಧಾರಾಳ ಶುದ್ಧ ನೀರು ಹರಿಸಿ, ನೋವಾದ್ರೂ ಮೃದು ಬ್ರಷ್ಷಲ್ಲಿ ಉಜ್ಜಿ ಚೂರು ತೆಗೀಬೇಕು, ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿದೆ ನೋಡ್ಕೊಳ್ಳಿ. ಮಾಗಿತು ಅಂದ್ಕೊಂಡ ಜಾಗದಲ್ಲಿ ಎರಡು ಮೂರು ವಾರ ಕಳೆದು ನೋವಿಲ್ಲದ ಗಂಟು ಎದ್ದು ಮೆಲ್ಲಗೆ ದೊಡ್ಡದಾದ್ರೆ ಡಾಕ್ಟರಿಗೆ ನೀರಿನ ವಿಷಯ ಹೇಳಲೇಬೇಕು, ಮೈಕೋಬ್ಯಾಕ್ಟೀರಿಯಂ ಮರೀನಂ ಅನ್ನೋ ಸೋಂಕು ಇರಬಹುದು, ನೀವು ಹೇಳದಿದ್ರೆ ಅದು ಅವರಿಗೆ ಹೊಳೆಯೋದು ಕಷ್ಟ, ತಿಂಗಳುಗಟ್ಲೆ ಮಾತ್ರೆ ಬೇಕಾಗುತ್ತೆ.

ತಣ್ಣೀರಿಗೆ ಇಳಿದು ಎದ್ದ ಕೂಡಲೇ ಪಿತ್ತಗಂಧೆ ತರ ದಪ್ಪ ದಪ್ಪ ಬೊಕ್ಕೆ ಬಂದು ಒಂದೆರಡು ಗಂಟೇಲಿ ಗುರುತೇ ಇಲ್ಲದಂಗೆ ಮಾಯ ಆದ್ರೆ ಹಗುರವಾಗಿ ತಗೋಬೇಡಿ. ತಣ್ಣಗಿರೋದಕ್ಕೇ ಮೈ ಅಲರ್ಜಿ ತರ ಪ್ರತಿಕ್ರಿಯೆ ಕೊಡೋದು ಅದು, ಪೂರ್ತಿ ಮೈ ಮುಳುಗಿದಾಗ ಬಿಪಿ ಕುಸಿದು ನೀರಲ್ಲೇ ಪ್ರಜ್ಞೆ ತಪ್ಪಬಹುದು. ಡಾಕ್ಟರ್ ಮುಂಗೈ ಮೇಲೆ ಐಸ್ ಕ್ಯೂಬ್ ಇಟ್ಟು ಪರೀಕ್ಷೆ ಮಾಡ್ತಾರೆ, ಅದು ಆಗೋವರೆಗೂ ನೀರಿಗೆ ಇಳೀಬೇಡಿ, ಜೊತೆಗೆ ಯಾರಾದ್ರೂ ಇದ್ದಾರೆ ಅಂತಾನೂ ಬೇಡ.

ಮತ್ತೆ ಇಳಿಯುವಾಗ

ಚರ್ಮ ಪೂರ್ತಿ ಮಾಗಿದ ಮೇಲೆ ಒಂದೇ ಒಂದು ಬದಲಾವಣೆ ಮಾಡ್ಕೊಂಡು ಇಳೀರಿ. ವ್ಯಾಕ್ಸ್, ರ‍್ಯಾಶ್ ಗಾರ್ಡ್, ಬಾಮ್, ಶಾರ್ಟ್ಸ್ ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತಾನೇ ಗೊತ್ತಾಗಲ್ಲ. ಮೊದಲ ಸಲ ಅರ್ಧ ಗಂಟೆ ಸಾಕು. ಬಂದು ಬಟ್ಟೆ ತೆಗೆದು, ತೊಳೆದು, ಅದೇ ಕನ್ನಡಿ ಮುಂದೆ ನಿಂತು ಹಳೇ ಫೋಟೋ ಪಕ್ಕ ಇಟ್ಟು ನೋಡಿ, ಎರಡು ದಿನ ಬಿಟ್ಟು ಇನ್ನೊಂದ್ಸಲ ನೋಡಿ, ಯಾಕಂದ್ರೆ ಅಲರ್ಜಿ ಆಗಿದ್ರೆ ಅಷ್ಟು ಹೊತ್ತಿಗೇ ಕಾಣಿಸ್ಕೊಳ್ಳೋದು. ಅದೇ ಜಾಗದಲ್ಲಿ ಮತ್ತೆ ಕೆಂಪಾಗಿದ್ರೆ ನೀವು ಬದಲಾಯಿಸಿದ ವಸ್ತು ಕಾರಣ ಅಲ್ಲ, ಮುಂದಿನದಕ್ಕೆ ಹೋಗಿ.